ತಮ್ಮನಿಗೆ ಮಿಷನ್ ಕರೆ ಬಂದಿದೆ, ಮನಿಲಾ ತರಬೇತಿ ಹೇಗಿರುತ್ತೆ?

ಪ್ರಶ್ನೆ ಕೇಳಿದವರು: ಮಂಡ್ಯದಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡ್ಯ, ಗುತ್ತಲು ಕಡೆ. ನನ್ನ ತಮ್ಮನಿಗೆ ಹತ್ತೊಂಬತ್ತು ತುಂಬಿದೆ, ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಾನೆ. ಅಮ್ಮ ಮತ್ತು ಅವನು ಮಾರ್ಮನ್ ಅನ್ನೋ ಕ್ರೈಸ್ತ ಪಂಗಡದ ಚರ್ಚಿನವರು. ಅಪ್ಪ, ಅಜ್ಜಿ, ನಾನು ಅಲ್ಲ. ಇದರಿಂದ ಮನೆಯಲ್ಲಿ ಯಾವತ್ತೂ ಮಾತು ಕೆಟ್ಟಿಲ್ಲ.

ಹೋದ ವಾರ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿರುವ ಚರ್ಚಿನ ಮುಖ್ಯ ಕಚೇರಿಯಿಂದ ಅವನಿಗೆ ಕರೆಪತ್ರ ಬಂತು. ಫಿಲಿಪ್ಪೀನ್ಸ್‌ನ ಸೆಬು ಅಂತ, ಚರ್ಚಿನ ಪರವಾಗಿ ಧರ್ಮದ ಮಾತು ಹೇಳೋ ಸೇವೆಗೆ. ಅದಕ್ಕೇ ಮಿಷನ್ ಅನ್ನೋದು. ಎರಡು ವರ್ಷ. ಮೊದಲು ಮನೆಯಲ್ಲೇ ಕೂತು ಆನ್‌ಲೈನ್ ತರಬೇತಿ, ಆಮೇಲೆ ಮನಿಲಾದಲ್ಲಿ ಇನ್ನೊಂದಿಷ್ಟು ವಾರ. ಸೆಬುವಾನೊ ಅನ್ನೋ ಭಾಷೆ ಅಲ್ಲೇ ಕಲಿಸ್ತಾರಂತೆ.

ಅವನು ಖುಷಿಯಾಗಿದ್ದಾನೆ. ಅಪ್ಪ ಮಾತ್ರ ರಾತ್ರಿ ಗದ್ದೆಗೆ ನೀರು ಕಟ್ಟೋಕೆ ಹೋದವರು ತಡವಾಗಿ ಬರ್ತಾರೆ, ಬಂದರೂ ಮಾತಾಡಲ್ಲ. ನಿನ್ನೆ ನನ್ನ ಹತ್ತಿರ ಒಂದೇ ಕೇಳಿದರು: "ಅಲ್ಲಿ ಇವನನ್ನ ನೋಡ್ಕೊಳ್ಳೋರು ಯಾರಮ್ಮ?" ನನಗೆ ಉತ್ತರ ಗೊತ್ತಿಲ್ಲ. ತಮ್ಮನನ್ನು ಕೇಳಿದರೆ "ಎಲ್ಲಾ ಸರಿಯಾಗಿರುತ್ತೆ ಕಣಕ್ಕ" ಅಂತಾನೆ. ಅವನೂ ಇನ್ನೂ ಹೋಗಿಲ್ಲವಲ್ಲ. ಫೋನ್ ಮಾಡಬಹುದಾ? ಅಜ್ಜಿಗೆ ಎಂಬತ್ತು ದಾಟಿದೆ, ಏನಾದರೂ ಆದರೆ ಬರಬಹುದಾ? ಡಿಪ್ಲೊಮಾ ಮಾಡಿದ್ದು ದಂಡವಾಗುತ್ತಾ? ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಉತ್ತರ: ಯಾದವಗಿರಿ ಹುಡುಗ

ಅಕ್ಕ, ನಾನು ಮೈಸೂರು. ಫಿಲಿಪ್ಪೀನ್ಸ್‌ನ ಇಲೋಯ್ಲೊ ಮಿಷನ್ನಿನಲ್ಲಿದ್ದೆ, ಬಂದು ಸ್ವಲ್ಪ ಕಾಲವಾಯಿತು. ಈಗ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ನಮ್ಮ ಮನೆಯಲ್ಲೂ ಅಪ್ಪ ಚರ್ಚಿನವರಲ್ಲ. ನಿಮ್ಮಪ್ಪ ಕೇಳಿದ ಪ್ರಶ್ನೆಯನ್ನೇ ನಮ್ಮಪ್ಪನೂ ಕೇಳಿದ್ದರು, ಅದಕ್ಕೇ ಉದ್ದವಾಗಿ ಬರೀತಿದ್ದೀನಿ.

ನೋಡಿಕೊಳ್ಳೋರು ಯಾರು ಅಂದರೆ, ಮೊದಲು ಅವನ ಜೊತೆಗಾರ. ಕಂಪ್ಯಾನಿಯನ್ ಅಂತೀವಿ. ಮನಿಲಾ ತರಬೇತಿಯ ಮೊದಲ ದಿನದಿಂದ ಮಿಷನ್ನಿನ ಕೊನೆಯ ದಿನದವರೆಗೂ ಇಬ್ಬಿಬ್ಬರೇ. ಸ್ನಾನದ ಮನೆ ಬಿಟ್ಟರೆ ಬೇರೆಲ್ಲೂ ಒಬ್ಬನೇ ಇರುವ ಹಾಗಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ಕಾಣಿಸುವಷ್ಟು, ಕೇಳಿಸುವಷ್ಟು ದೂರದಲ್ಲೇ ಇರಬೇಕು. ಜೊತೆಗಾರನನ್ನು ನಾವು ಆರಿಸಿಕೊಳ್ಳೋದಿಲ್ಲ, ಅವರೇ ಕೊಡ್ತಾರೆ. ನನಗೆ ಸಿಕ್ಕವನು ಮಂಗೋಲಿಯದವನು. ಅವನ ಇಂಗ್ಲಿಷ್ ಅಷ್ಟಕ್ಕಷ್ಟೆ, ನನ್ನದೂ ಹಾಗೇ. ಅವನಿಗೆ ಮಾಂಸವಿಲ್ಲದ ಊಟ ಊಟವೇ ಅಲ್ಲ. ನನಗೆ ಆ ಊಟದಲ್ಲಿ ಹುಳಿ ಖಾರ ಏನೂ ಸಿಗುತ್ತಿರಲಿಲ್ಲ. ಮೊದಲ ವಾರ ಇಬ್ಬರೂ ಬಟ್ಟೆ ಒಗೆಯೋ ಕಲ್ಲಿನ ಹಾಗೆ ಗಟ್ಟಿಯಾಗಿ ಕೂತಿದ್ದೆವು. ಆಮೇಲೆ ಒಂದು ರಾತ್ರಿ ಅವನು ತನ್ನ ಅಮ್ಮನ ಫೋಟೋ ತೋರಿಸಿದ, ನಾನು ನಮ್ಮ ಮನೆಯ ಫೋಟೋ ತೋರಿಸಿದೆ. ಅಲ್ಲಿಂದ ಮಾತು ಶುರುವಾಯಿತು.

ನನ್ನ ಮಟ್ಟಿಗೆ ತರಬೇತಿಯಲ್ಲಿ ಕಷ್ಟದ ಭಾಗ ಇದೇ, ಅಕ್ಕ. ಭಾಷೆ ಬರುತ್ತೆ, ಬೆಳಗ್ಗೆ ಆರೂವರೆಗೆ ಏಳೋದು ಅಭ್ಯಾಸವಾಗುತ್ತೆ. ಒಬ್ಬನೇ ಇರೋದಕ್ಕೆ ಒಂದು ಗಳಿಗೆಯೂ ಸಿಗಲ್ಲ ಅನ್ನೋದಕ್ಕೆ ಮಾತ್ರ ಯಾವ ಪುಸ್ತಕವೂ ತಯಾರಿ ಮಾಡಿಸಲ್ಲ. ನಿಮ್ಮ ತಮ್ಮನಿಗೆ ಸ್ವಂತ ಕೋಣೆ ಇದ್ದರೆ, ಹೊರಡೋ ತನಕ ಯಾರಾದರೂ ನೆಂಟರ ಹುಡುಗನ ಜೊತೆ ಕೋಣೆ ಹಂಚಿಕೊಳ್ಳಲಿ. ತನ್ನ ಅಂಗಿ ತಾನೇ ಒಗೆದು ಇಸ್ತ್ರಿ ಹಾಕಲಿ. ಅನ್ನ, ಸಾರು, ಮೊಟ್ಟೆ ಮಾಡೋದು ಕಲಿಯಲಿ, ಸೆಬುಗೆ ಹೋದಮೇಲೆ ಅಡುಗೆ ಅವರದೇ.

ದಿನಚರಿ ಹೇಳಿಬಿಡ್ತೀನಿ. ಆರೂವರೆಗೆ ಏಳಬೇಕು, ಪ್ರಾರ್ಥನೆ, ಸ್ವಲ್ಪ ಹೊತ್ತು ಓಟ ಅಥವಾ ವ್ಯಾಯಾಮ, ತಿಂಡಿ. ಆಮೇಲೆ ಬಿಳಿ ಅಂಗಿ, ಟೈ, ಎದೆಯ ಮೇಲೆ ಹೆಸರಿನ ಕಪ್ಪು ಬಿಲ್ಲೆ. ಬೆಳಗ್ಗಿನಿಂದ ರಾತ್ರಿವರೆಗೆ ತರಗತಿ, ಓದು, ಭಾಷೆ, ಮತ್ತೆ ತರಗತಿ. ಹತ್ತೂವರೆಗೆ ದೀಪ ಆರಿಸಬೇಕು. ಮೂರು ಹೊತ್ತೂ ಅನ್ನ ಇರುತ್ತೆ, ಅಜ್ಜಿಗೆ ಇದನ್ನ ಮೊದಲು ಹೇಳಿ. ಕಾಫಿ ಟೀ ಇಲ್ಲ. ಅದು 1833ರಿಂದ ನಮ್ಮ ಚರ್ಚಿನಲ್ಲಿರುವ ಆರೋಗ್ಯದ ನಿಯಮ, ನಿಮ್ಮ ತಮ್ಮ ಈಗಲೇ ಬಿಟ್ಟಿರ್ತಾನೆ. ಕೊತ್ತಂಬರಿ ಜೀರಿಗೆ ಕಷಾಯಕ್ಕೆ ಅಡ್ಡಿಯಿಲ್ಲ, ಒಂದು ಡಬ್ಬಿ ಪುಡಿ ಕಟ್ಟಿಕೊಡಿ.

ಪಾಠ ಹೇಳಿಕೊಡೋರು ಮಿಷನ್ ಮುಗಿಸಿ ಬಂದ ಚಿಕ್ಕ ವಯಸ್ಸಿನವರು. ಅವರೇ ಒಂದೊಂದು ಪಾತ್ರ ಹಾಕಿಕೊಂಡು ಕೂರ್ತಾರೆ. ಒಂದು ದಿನ ಕೆಲಸ ಹೋದ ಮೀನುಗಾರ, ಇನ್ನೊಂದು ದಿನ ಗಂಡ ದುಬೈಯಲ್ಲಿರುವ ಹೆಂಗಸು. ನಾವು ಇಬ್ಬರೂ ಬಾಗಿಲು ತಟ್ಟಿ ಒಳಗೆ ಹೋಗಿ, ಹೊಸ ಭಾಷೆಯಲ್ಲಿ ಮಾತಾಡಬೇಕು. ನಮ್ಮ ಟೀಚರ್ ಒಬ್ಬರು ಮೀನುಗಾರನ ಪಾತ್ರದಲ್ಲಿ ಅರ್ಧ ಗಂಟೆ ಸಾಲದ ಬಗ್ಗೆಯೇ ಮಾತಾಡಿದರು. ನಾವು ಒಂದು ಪಾಠವನ್ನೂ ಹೇಳಲಿಲ್ಲ, ಕೇಳಿಸಿಕೊಂಡು, ಜೊತೆಗೆ ಪ್ರಾರ್ಥನೆ ಮಾಡಿ ಎದ್ದು ಬಂದೆವು. ಹೊರಗೆ ಬಂದಮೇಲೆ ಅವರು "ನಾಳೆಯೂ ನಿಮ್ಮನ್ನ ಮನೆಗೆ ಕರೀತೀನಿ" ಅಂದರು. ಆ ಮಾತು ನನಗೆ ಇಲೋಯ್ಲೊದಲ್ಲಿ ದಿನಾ ಕೆಲಸಕ್ಕೆ ಬಂತು.

ಬಿಲ್ಲೆಯ ವಿಷಯ ಒಂದು ಹೇಳಲೇಬೇಕು. ನಮ್ಮ ಕಡೆ ಸರ್‌ನೇಮ್ ಎಲ್ಲಿರುತ್ತೆ, ಇನಿಷಿಯಲ್ ತಾನೆ. ಪಾಸ್‌ಪೋರ್ಟ್ ಮಾಡಿಸುವಾಗ ಆ ಜಾಗದಲ್ಲಿ ಅಪ್ಪನ ಹೆಸರು ಬರೆದಿದ್ದೆವು. ಬಿಲ್ಲೆಯ ಮೇಲೆ ಎಲ್ಡರ್ (ಮಿಷನರಿ ಹುಡುಗರನ್ನ ಹಾಗೇ ಕರೆಯೋದು) ಅಂತ ಬರೆದು ಅದರ ಮುಂದೆ ಸರ್‌ನೇಮ್ ಹಾಕ್ತಾರೆ. ಹಾಗಾಗಿ ಎರಡು ವರ್ಷ ಎಲ್ಲರೂ ನನ್ನನ್ನು ಅಪ್ಪನ ಹೆಸರಿನಿಂದಲೇ ಕರೆದರು. ಮೊದಲ ಸಲ ವೀಡಿಯೊ ಕಾಲ್‌ನಲ್ಲಿ ಬಿಲ್ಲೆ ತೋರಿಸಿದಾಗ ಅಪ್ಪ ಫೋನನ್ನು ಅಮ್ಮನ ಕೈಗೆ ಕೊಟ್ಟು ಎದ್ದು ಹೋದರು. ಸ್ವಲ್ಪ ಹೊತ್ತಾದ ಮೇಲೆ ಬಂದು "ಇನ್ನೊಂದ್ಸಲ ತೋರಿಸು" ಅಂದರು. ಅವತ್ತಿನಿಂದ ಒಂದು ವಾರವೂ ಅವರು ಫೋನ್ ತಪ್ಪಿಸಲಿಲ್ಲ.

ಫೋನು ವಾರಕ್ಕೊಮ್ಮೆ ಇದೆ. ಹಿಂದೆ ವರ್ಷಕ್ಕೆ ಎರಡೇ ಸಲ ಇತ್ತು, ಕ್ರಿಸ್ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ. 2019ರ ಫೆಬ್ರವರಿಯಿಂದ ಪ್ರತಿ ವಾರ ಬಿಡುವಿನ ದಿನ ಮನೆಗೆ ಮಾತಾಡಬಹುದು ಅಂತ ಬದಲಾಯಿಸಿದರು. ಮನಿಲಾ ನಮಗಿಂತ ಎರಡೂವರೆ ಗಂಟೆ ಮುಂದೆ. ಆ ಬಿಡುವಿನ ದಿನವೇ ಬಟ್ಟೆ ಒಗೆಯೋದು, ಕಾಗದ ಬರೆಯೋದು, ನಮ್ಮ ಚರ್ಚಿನ ಪವಿತ್ರ ಮಂದಿರವಾದ (ವಾರದ ಸಭೆ ನಡೆಯೋ ಕಟ್ಟಡ ಬೇರೆ, ಇದು ಬೇರೆ) ಟೆಂಪಲ್‌ಗೆ ಹೋಗೋದು. ಮನಿಲಾ ಟೆಂಪಲ್ 1984ರದ್ದು, ತರಬೇತಿ ಕೇಂದ್ರದ ಹತ್ತಿರವೇ ಇದೆ. ನಮ್ಮ ದೇಶದಲ್ಲಿ ಇನ್ನೂ ಒಂದೂ ಇಲ್ಲದ ಕಾಲಕ್ಕೆ ನಾನು ಹೋದವನು. ಬೆಂಗಳೂರಿನದು 2018ರಲ್ಲಿ ಪ್ರಕಟವಾಗಿ 2020ರ ಡಿಸೆಂಬರ್‌ನಲ್ಲಿ ನೆಲ ಅಗೆದು ಕೆಲಸ ಶುರುವಾಯಿತು. ಆದ್ದರಿಂದ ಮನಿಲಾದಲ್ಲಿ ಒಳಗೆ ಕಾಲಿಟ್ಟ ದಿನ ನನಗೆ ದೊಡ್ಡ ದಿನ.

ಅಜ್ಜಿಯ ವಿಷಯ. ಇದನ್ನ ಮುಚ್ಚಿಡದೆ ಹೇಳ್ತೀನಿ. ಮನೆಯಲ್ಲಿ ಸಾವು ನೋವಾದರೆ ಹೆಚ್ಚಿನ ಹುಡುಗರು ಅಲ್ಲೇ ಉಳೀತಾರೆ. ಮಿಷನ್ ಅಧ್ಯಕ್ಷರ ಜೊತೆ ಮಾತಾಡಿ ತೀರ್ಮಾನ ಮಾಡಬೇಕು. ಯಾರನ್ನೂ ಕಟ್ಟಿಹಾಕಲ್ಲ, ವಾಪಸ್ ಬರ್ತೀನಿ ಅಂದರೆ ಬರಬಹುದು. ನಾನು ಮನಿಲಾದಲ್ಲಿದ್ದಾಗಲೇ ನಮ್ಮ ದೊಡ್ಡಪ್ಪ ತೀರಿಕೊಂಡರು. ನನ್ನನ್ನ ಹೆಗಲ ಮೇಲೆ ಕೂರಿಸಿಕೊಂಡು ಜಂಬೂಸವಾರಿ ತೋರಿಸಿದವರು. ಅಮ್ಮನ ಜೊತೆ ಮಾತಾಡಿಸಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಂಗೋಲಿಯದ ಹುಡುಗ ತನ್ನ ಹಾಸಿಗೆ ಬಿಟ್ಟು ಬಂದು ನೆಲದ ಮೇಲೆ ನನ್ನ ಪಕ್ಕ ಕೂತ. ಅವನಿಗೆ ಹೇಳೋಕೆ ಭಾಷೆ ಇರಲಿಲ್ಲ. ಬೆಳಗಾಗುವವರೆಗೂ ಏಳಲಿಲ್ಲ. ಯಾರು ನೋಡಿಕೊಳ್ತಾರೆ ಅಂತ ನಿಮ್ಮಪ್ಪ ಕೇಳಿದರಲ್ಲ, ಇದನ್ನ ಓದಿ ಹೇಳಿ.

ಅವನು ಹೊರಡುವ ಮುಂಚೆ ಅಜ್ಜಿಯನ್ನು ಕೂರಿಸಿಕೊಂಡು ಈ ಮಾತು ಆಡಿಬಿಡಿ. ನಾವು ಆಡಿರಲಿಲ್ಲ, ಯಾಕೆಂದರೆ ನಮ್ಮ ಕಡೆ ಅದನ್ನ ಅಪಶಕುನ ಅಂತಾರೆ. ಆದರೂ ಆಡಿ. ಅಜ್ಜಿಯೇ ತನ್ನ ಬಾಯಿಂದ "ನೀನು ಬರಬೇಕು" ಅಥವಾ "ನೀನು ಅಲ್ಲೇ ಇರು" ಅಂದರೆ ಅವನಿಗೆ ಅದರಷ್ಟು ದೊಡ್ಡ ಬಲ ಇನ್ನೊಂದಿಲ್ಲ.

ಉತ್ತರ: ಸಿಸ್ಟರ್ ಅಮ್ಮ, ಮೈಸೂರು

ನಾನು ನರ್ಸ್, ನನ್ನ ಮಗಳು ದೆಹಲಿ ಮಿಷನ್ನಿನಲ್ಲಿ 18 ತಿಂಗಳು ಇದ್ದು ಬಂದಳು. ಮೇಲಿನ ತಮ್ಮ ಚೆನ್ನಾಗಿ ಬರೆದಿದ್ದಾನೆ. ನಾನು ಬರೀ ಆಸ್ಪತ್ರೆ ವಿಷಯ ಹೇಳ್ತೀನಿ. ಹಲ್ಲು ಈಗಲೇ ತೋರಿಸಿ. ಈ ವಯಸ್ಸಿನಲ್ಲಿ ಬುದ್ಧಿಹಲ್ಲು ಹೊರಡೋದು, ಅಲ್ಲಿ ಹೋಗಿ ಕೆನ್ನೆ ಊದಿಸಿಕೊಂಡರೆ ಮಗುವಿಗೆ ಹಿಂಸೆ. ಹೆಪಟೈಟಿಸ್, ಟೈಫಾಯ್ಡ್, ಧನುರ್ವಾಯು ಲಸಿಕೆಗಳ ಚೀಟಿ ಒಂದೇ ಕಡೆ ಇಟ್ಟುಕೊಳ್ಳಿ. ಹೆಪಟೈಟಿಸ್ ಬಿ ಪೂರ್ತಿಯಾಗಲು ಆರು ತಿಂಗಳು ಬೇಕು, ಚಿಕ್ಕವನಿದ್ದಾಗ ಹಾಕಿಸಿದ ಕಾರ್ಡ್ ಹುಡುಕಿ. ಕನ್ನಡಕ ಇದ್ದರೆ ಎರಡು ಜೊತೆ. ಸೆಬುವಿನಲ್ಲಿ ಡೆಂಗಿ ಇರುತ್ತೆ, ಸೊಳ್ಳೆಪರದೆಯೊಳಗೆ ಮಲಗೋ ಅಭ್ಯಾಸ ಬಿಡಬಾರದು ಅಂತ ಹೇಳಿ.

ಇನ್ನೊಂದು ಮಾತು ನಿಮ್ಮ ಅಮ್ಮನಿಗೆ. ಊರಿನವರೆಲ್ಲ "ಧೈರ್ಯವಾಗಿರಿ" ಅಂತಾರೆ. ಅಳು ಬಂದರೆ ಅಳಲಿ. ವಿಮಾನ ನಿಲ್ದಾಣದಲ್ಲಿ ನಾನು ಅತ್ತೆ, ಮಗಳೂ ಅತ್ತಳು, ಅದರಿಂದ ಅವಳ ಸೇವೆಗೇನೂ ಕಡಿಮೆಯಾಗಲಿಲ್ಲ.

ಉತ್ತರ: ನಿವೃತ್ತ ಪಾಲಿಟೆಕ್ನಿಕ್ ಮೇಷ್ಟ್ರು

ತಾಯಿ, ನಾನು ಈ ಚರ್ಚಿನವನಲ್ಲ, ದೇವರ ವಿಷಯಕ್ಕೆ ಬರೋದಿಲ್ಲ. ಡಿಪ್ಲೊಮಾ ದಂಡವಾಗಲ್ಲ. ಹೊರಡುವ ಮುಂಚೆ ಆರೂ ಸೆಮಿಸ್ಟರಿನ ಅಂಕಪಟ್ಟಿ, ಡಿಪ್ಲೊಮಾ ಪ್ರಮಾಣಪತ್ರ, ವರ್ಗಾವಣೆ ಪತ್ರ ಎಲ್ಲವನ್ನೂ ಕೈಗೆ ತೆಗೆದುಕೊಳ್ಳಿ. ಎರಡು ವರ್ಷ ಬಿಟ್ಟು ಹೋದರೆ ಕಚೇರಿಯಲ್ಲಿ ಗುರುತಿನವರು ಯಾರೂ ಇರೋದಿಲ್ಲ. ಬಂದಮೇಲೆ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬೇಕೆಂದರೆ ಡಿಸಿಇಟಿ ಬರೆಯಬೇಕು. ಗಣಿತ ಮರೆತುಹೋಗುತ್ತೆ, ಪುಸ್ತಕಗಳನ್ನು ಯಾರಿಗೂ ಕೊಡಬೇಡಿ. ವೀಸಾಗೆ ಪೊಲೀಸ್ ಕ್ಲಿಯರೆನ್ಸ್ ಕೇಳಿದರೆ ಅದಕ್ಕೂ ಪಾಸ್‌ಪೋರ್ಟ್ ಇಲಾಖೆಗೇ ಅರ್ಜಿ ಹಾಕಬೇಕು, ಕೊನೇ ವಾರಕ್ಕೆ ಬಿಡಬೇಡಿ. ಮೈಸೂರಿನ ಮೇಟಗಳ್ಳಿ ಅಂಚೆ ಕಚೇರಿಯಲ್ಲಿ 2017ರಲ್ಲಿ ಶುರುವಾದ ಪಾಸ್‌ಪೋರ್ಟ್ ಕೇಂದ್ರ, ಅಂಚೆ ಕಚೇರಿಗಳಲ್ಲಿ ತೆರೆದ ಇಂಥ ಕೇಂದ್ರಗಳಲ್ಲಿ ದೇಶದಲ್ಲೇ ಮೊದಲನೆಯವುಗಳಲ್ಲಿ ಒಂದು. ನಮ್ಮ ಹುಡುಗರು ಆಮೇಲೆ ಎಲ್ಲಕ್ಕೂ ಬೆಂಗಳೂರಿಗೆ ಅಲೆಯೋದು ತಪ್ಪಿತು.

ಮಂಡ್ಯದಕ್ಕ

ಎಲ್ಲರಿಗೂ ಕೈ ಮುಗಿದೆ. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ದೊಡ್ಡಪ್ಪನವರ ಭಾಗ ಬಂದಾಗ "ನಿಲ್ಲಿಸು" ಅಂದರು, ಸ್ವಲ್ಪ ಹೊತ್ತು ಬಿಟ್ಟು "ಓದು" ಅಂದರು. ತಮ್ಮನ ಪಾಸ್‌ಪೋರ್ಟಿನಲ್ಲೂ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರೇ ಇದೆ. ಅಪ್ಪ ಅದನ್ನ ತೆಗೆಸಿ ನೋಡಿದರು. ಯಾದವಗಿರಿ ತಮ್ಮ, ಇನ್ನೊಂದು ಕೇಳ್ತೀನಿ. ಮನೆಯಲ್ಲಿ ಆನ್‌ಲೈನ್ ತರಬೇತಿ ಇರುವ ವಾರವೇ ನಮ್ಮೂರ ಹಬ್ಬ ಬಿದ್ದಿದೆ. ಮನೆ ತುಂಬ ನೆಂಟರು. ಅವನನ್ನ ಏನು ಮಾಡೋದು?

ಯಾದವಗಿರಿ ಹುಡುಗ

ಅಕ್ಕ, ಆ ವಾರ ಶುರುವಾಗುವ ಮುಂಚೆಯೇ ಅವನನ್ನ ಮಿಷನರಿಯಾಗಿ ನೇಮಿಸಿರ್ತಾರೆ. ಮನೆಯಲ್ಲಿದ್ದರೂ ನಿಯಮ ಅದೇ. ನನಗೆ ತರಗತಿ ಮನಿಲಾ ಗಡಿಯಾರದ ಪ್ರಕಾರ ಇತ್ತು, ಕತ್ತಲಿರುವಾಗಲೇ ಟೈ ಕಟ್ಟಿ ಲ್ಯಾಪ್‌ಟಾಪ್ ಮುಂದೆ ಕೂರ್ತಿದ್ದೆ. ಸಾಧ್ಯವಾದರೆ ಪಕ್ಕದಲ್ಲಿ ಯಾರಾದರೂ ನೆಂಟರ ಅಥವಾ ಪರಿಚಯದವರ ಮನೆಯಲ್ಲಿ ಬಾಗಿಲು ಹಾಕುವಂಥ ಒಂದು ಕೋಣೆ ಕೇಳಿ. ಅಮ್ಮ ಅವನ ಜೊತೆ ಅಲ್ಲಿರಲಿ. ತಮಟೆ ಸದ್ದು ಹಿಂದೆ ಕೇಳಿದರೆ ಪರವಾಗಿಲ್ಲ, ನಮ್ಮ ಗುಂಪಿನಲ್ಲಿ ಒಬ್ಬನ ಮನೆಯ ಕೋಳಿ ದಿನಾ ಕೂಗ್ತಿತ್ತು. ಕರೆಂಟ್ ಹೋದರೆ ಮೊಬೈಲ್ ಡೇಟಾ ಇರಲಿ. ಮಧ್ಯಾಹ್ನ ಬಿಡುವಿರುತ್ತೆ, ಹಬ್ಬದ ಊಟ ಅಲ್ಲಿಗೇ ಕಳಿಸಿ. ಅಪ್ಪನೇ ತಗೊಂಡು ಹೋದರೆ ಇನ್ನೂ ಒಳ್ಳೇದು, ಅವನು ಅಲ್ಲಿ ಏನು ಮಾಡ್ತಾನೆ ಅಂತ ಕಣ್ಣಾರೆ ನೋಡ್ತಾರೆ. ನನ್ನ ನಂಬರ್ ಖಾಸಗಿ ಸಂದೇಶದಲ್ಲಿ ಹಾಕಿದ್ದೀನಿ, ತಮ್ಮನಿಗೆ ಕೊಡಿ. ಭಾನುವಾರ ಸಭೆ ಮುಗಿದಮೇಲೆ ಬಿಡುವಾಗಿರ್ತೀನಿ.