ಕರೆಂಟ್ ಬಿಲ್‌ನಲ್ಲಿ ಸೋಲಾರ್ ರಿಯಾಯಿತಿ ಬರುತ್ತಿದೆಯಾ? ಭಾನುವಾರ ಎಲ್ಲರೂ ಸೇರಿ ಅರ್ಜಿ ಬರೆಯೋಣ

2ನೇ ಕ್ರಾಸ್, ಮನೆ 18 (ಬೆಳಿಗ್ಗೆ 7:10)
ಎಲ್ಲರಿಗೂ ನಮಸ್ಕಾರ. ಮನೆ ಮೇಲೆ ಸೋಲಾರ್ ವಾಟರ್ ಹೀಟರ್ ಇರುವವರು ದಯವಿಟ್ಟು ಈ ತಿಂಗಳ ಕರೆಂಟ್ ಬಿಲ್ ತೆಗೆದು ನೋಡಿ. ರಿಯಾಯಿತಿ ಅಂತ ಒಂದು ಸಾಲಿನಲ್ಲಿ ದುಡ್ಡು ಕಳೆದಿರಬೇಕು. ನಮಗೆ ಮೊದಲು ಬರುತ್ತಿತ್ತು. ಹಳೆ ಮೀಟರ್ ತೆಗೆದು ಹೊಸದು ಹಾಕಿದ ಮೇಲೆ ಆ ಸಾಲೇ ಮಾಯವಾಗಿದೆ, ನನ್ನ ಕಣ್ಣಿಗೆ ಬಿದ್ದಿದ್ದು ಹದಿನಾಲ್ಕು ತಿಂಗಳಾದ ಮೇಲೆ. ಕಚೇರಿಗೆ ಹೋಗಿ ಕೇಳಿದರೆ "ಸಿಸ್ಟಮ್‌ನಲ್ಲಿ ಇಲ್ಲ, ಹೊಸದಾಗಿ ಅರ್ಜಿ ಕೊಡಿ" ಅಂದರು. ಪಕ್ಕದ ಮೂರು ಮನೆಯವರನ್ನು ವಿಚಾರಿಸಿದೆ. ಇಬ್ಬರಿಗೆ ಹೀಗೊಂದು ರಿಯಾಯಿತಿ ಇದೆ ಅನ್ನೋದೇ ಗೊತ್ತಿರಲಿಲ್ಲ.

ರಾಜ್ಯದಲ್ಲಿ ಕರೆಂಟ್ ದರ ನಿಗದಿ ಮಾಡುವ ಆಯೋಗ ಕೆಇಆರ್‌ಸಿಯ ದರ ಆದೇಶದಲ್ಲಿ ಇದು ಸ್ಪಷ್ಟವಾಗಿದೆ. ಗೃಹಬಳಕೆಯ ಸಂಪರ್ಕ ಇದ್ದು, ಸೋಲಾರ್ ಹೀಟರ್ ಹಾಕಿಸಿ ಬಳಸುತ್ತಿದ್ದರೆ ಯುನಿಟ್‌ಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ. ಅಂದರೆ ತಿಂಗಳಿಗೆ 100 ಯುನಿಟ್ ಸುಡುವ ಮನೆಗೆ ಪೂರ್ತಿ 50 ಸಿಗುತ್ತದೆ, 60 ಯುನಿಟ್ ಸುಡುವವರಿಗೆ 30. ಇದು ಯಾರೋ ದಯೆಯಿಂದ ಕೊಡುವ ದುಡ್ಡಲ್ಲ, ನಮಗೆ ಸೇರಬೇಕಾದದ್ದು.

1ನೇ ಕ್ರಾಸ್, ಮನೆ 6 (7:34)
ಸರ್, ತಿಂಗಳಿಗೆ 50 ರೂಪಾಯಿಗೆ ಇಷ್ಟು ಓಡಾಟ ಬೇಕಾ? ಒಂದು ಸಲ ಆಟೋದಲ್ಲಿ ಹೋಗಿ ಬಂದರೆ ಅಷ್ಟು ಖರ್ಚಾಗಿಬಿಡುತ್ತದೆ.

2ನೇ ಕ್ರಾಸ್, ಮನೆ 18 (7:52)
ಒಬ್ಬರೇ ಹೋದರೆ ನೀವು ಹೇಳುವುದು ಸರಿ ಸರ್, ಅದಕ್ಕೇ ಎಲ್ಲರೂ ಒಟ್ಟಿಗೆ ಮಾಡೋಣ ಅಂತ ಕೇಳುತ್ತಿರುವುದು. ನಿನ್ನೆ ಸಂಜೆ ಟೆರೇಸ್ ಮೇಲೆ ನಿಂತು ಎಣಿಸಿದೆ, ನಾಲ್ಕು ಕ್ರಾಸ್ ಸೇರಿ 58 ಮನೆ ಮೇಲೆ ಟ್ಯಾಂಕ್ ಕಾಣುತ್ತದೆ. ವರ್ಷಕ್ಕೆ ಮನೆಗೆ 600 ಅಂದರೂ 34,800 ರೂಪಾಯಿ ಆಯಿತು. ಪಿಂಚಣಿ ನಂಬಿಕೊಂಡಿರುವ ಹಿರಿಯರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ನೋಡಿ, ಅವರಿಗೆ 600 ಸಣ್ಣ ಮೊತ್ತ ಅಲ್ಲ.

4ನೇ ಕ್ರಾಸ್, ಮನೆ 63 (8:20)
ನಮಗೆ ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತದೆ. ನಾವೂ ಅರ್ಜಿ ಕೊಡಬೇಕಾ ಅಣ್ಣ?

3ನೇ ಕ್ರಾಸ್, ಮನೆ 41 (8:45)
ನಾನು ಎಲೆಕ್ಟ್ರಿಕಲ್ ಕೆಲಸದಲ್ಲಿ ಇದ್ದವನು, ಇದಕ್ಕೆ ನಾನು ಉತ್ತರ ಕೊಡುತ್ತೇನೆ. ಬಿಲ್ ಸೊನ್ನೆ ಬರುವವರಿಗೆ ಸದ್ಯ ಇದರಿಂದ ವ್ಯತ್ಯಾಸ ಕಾಣುವುದಿಲ್ಲ. ಆದರೂ ಅರ್ಜಿ ಕೊಟ್ಟು ದಾಖಲೆ ಮಾಡಿಸಿಕೊಂಡಿರಿ ಅನ್ನೋದು ನನ್ನ ಅಭಿಪ್ರಾಯ. ನಮ್ಮ ನಮ್ಮ ಉಚಿತ ಮಿತಿ 2022-23ರ ಸರಾಸರಿ ಬಳಕೆಗೆ ಸ್ವಲ್ಪ ಹೆಚ್ಚು ಸೇರಿಸಿ ನಿಗದಿಯಾದದ್ದು. ಅದನ್ನು ದಾಟಿದರೆ ಹೆಚ್ಚಿನ ಯುನಿಟ್‌ಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲೇ ಬರುತ್ತದೆ. ಬೇಸಿಗೆಯಲ್ಲಿ ಫ್ಯಾನು ಕೂಲರು ಹಾಕಿ ಒಂದೆರಡು ತಿಂಗಳು ಹಾಗೆ ದಾಟುವವರು ಇದ್ದಾರಲ್ಲ, ಆಗ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಮಾತು. ಹೀಟರ್‌ನಿಂದ ನಿಜವಾಗಿ ಉಳಿಯುವುದು ಈ 50 ರೂಪಾಯಿಗಿಂತ ಎಷ್ಟೋ ಜಾಸ್ತಿ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಕಾಯಿಸಲು ಹತ್ತಿರ ಹತ್ತಿರ 4 ಯುನಿಟ್ ಬೇಕು. ಯುನಿಟ್‌ಗೆ ಸುಮಾರು 6 ರೂಪಾಯಿ ಹಿಡಿದರೆ ದಿನಕ್ಕೆ 24 ರೂಪಾಯಿ. ಆದರೆ ಮಳೆಗಾಲದಲ್ಲಿ ಟ್ಯಾಂಕಿನ ಒಳಗಿನ ಕರೆಂಟ್ ಕಾಯಿಲ್ ಸ್ವಿಚ್ ಹಾಕಿ ಮರೆತರೆ ಉಳಿದದ್ದೆಲ್ಲ ಹೋಗುತ್ತದೆ. 2 ಕಿಲೋವ್ಯಾಟ್ ಕಾಯಿಲ್ ಗಂಟೆಗೆ 2 ಯುನಿಟ್ ಎಳೆಯುತ್ತದೆ. ಆಫ್ ಮಾಡಿದ್ದೀರಾ ಅಂತ ರಾತ್ರಿ ಒಮ್ಮೆ ನೋಡಿ ಮಲಗಿ.

1ನೇ ಕ್ರಾಸ್, ಮನೆ 11 (9:05)
ನನಗೆ ಯಾರೋ ಫೋನ್ ಮಾಡಿ ಸೋಲಾರ್ ಗೀಸರ್‌ಗೆ ಕೇಂದ್ರದಿಂದ 78,000 ಸಬ್ಸಿಡಿ ಬರುತ್ತದೆ, ನೋಂದಣಿಗೆ 2,000 ಕಳಿಸಿ ಅಂದರು. ನಿಜವಾ ಸರ್?

3ನೇ ಕ್ರಾಸ್, ಮನೆ 41 (9:11)
ಒಂದು ಪೈಸೆನೂ ಕಳಿಸಬೇಡಿ ಮೇಡಂ. ಆ 78,000 ಇರುವುದು ಪಿಎಂ ಸೂರ್ಯ ಘರ್ ಯೋಜನೆಯಲ್ಲಿ, 2024ರಲ್ಲಿ ಶುರುವಾಯಿತು. ಅದು ಚಾವಣಿ ಮೇಲೆ ಕರೆಂಟ್ ತಯಾರಿಸುವ ಪ್ಯಾನೆಲ್‌ಗೆ, ಅದೂ 3 ಕಿಲೋವ್ಯಾಟ್ ಮತ್ತು ಅದಕ್ಕಿಂತ ಮೇಲೆ ಹಾಕಿಸಿದರೆ. ನೀರು ಕಾಯಿಸುವ ಹೀಟರ್‌ಗೆ ಅದರಲ್ಲಿ ಏನೂ ಸಿಗುವುದಿಲ್ಲ. ಹೀಟರ್‌ಗೂ ಮೊದಲು ಕೇಂದ್ರದ ಸಬ್ಸಿಡಿ ಇತ್ತು, 2014ರಲ್ಲೇ ನಿಲ್ಲಿಸಿದರು. ಈಗ ನಮಗೆ ಉಳಿದಿರುವುದು ಬಿಲ್‌ನಲ್ಲಿ ಕಳೆಯುವ ಈ ರಿಯಾಯಿತಿ. ದಯವಿಟ್ಟು ಮನೆಯ ಹಿರಿಯರಿಗೂ ಇದನ್ನು ಹೇಳಿ, ಇಂಥ ಫೋನ್ ಹೆಚ್ಚಾಗಿ ಮಧ್ಯಾಹ್ನ ಅವರೊಬ್ಬರೇ ಇರುವ ಹೊತ್ತಿಗೆ ಬರುತ್ತವೆ.

4ನೇ ಕ್ರಾಸ್, ಮನೆ 57 (10:30)
ನಮ್ಮದು ಮೂರು ಮಹಡಿ, ಮೇಲಿನ ಎರಡರಲ್ಲೂ ಬಾಡಿಗೆಯವರು. ಮೀಟರ್ ಮೂರು, ಆದರೆ ಟ್ಯಾಂಕ್ ಒಂದೇ, 200 ಲೀಟರ್. ಯಾರ ಹೆಸರಲ್ಲಿ ಕೇಳುವುದು?

2ನೇ ಕ್ರಾಸ್, ಮನೆ 18 (10:58)
ಒಳ್ಳೆ ಪ್ರಶ್ನೆ, ಹೀಗಿರುವವರು ಇನ್ನೂ ಇದ್ದಾರೆ. ಅಪಾರ್ಟ್‌ಮೆಂಟ್ ಅಥವಾ ಗುಂಪು ಮನೆಗಳಲ್ಲಿ ಎಲ್ಲರಿಗೂ ಸೇರಿ ದೊಡ್ಡ ಹೀಟರ್ ಹಾಕಿದ್ದರೆ ಒಂದೊಂದು ಸಂಪರ್ಕಕ್ಕೂ ರಿಯಾಯಿತಿ ಕೊಡಬೇಕು ಅಂತಲೇ ಆದೇಶದಲ್ಲಿದೆ. ಷರತ್ತು ಒಂದೇ, ಮನೆಗೆ ಕನಿಷ್ಠ 100 ಲೀಟರ್ ಲೆಕ್ಕ ಬರಬೇಕು. ನಿಮ್ಮ 200 ಲೀಟರ್ ಎರಡು ಮನೆಗೆ ಸರಿಹೋಗುತ್ತದೆ, ಮೂರಕ್ಕೆ ಸಾಲುವುದಿಲ್ಲ. ಬಿಸಿನೀರಿನ ಪೈಪ್ ಯಾವ ಎರಡು ಮನೆಗೆ ಹೋಗಿದೆಯೋ ಆ ಮನೆಗಳ ಆರ್‌ಆರ್ ನಂಬರ್ (ಬಿಲ್ ಮೇಲಿರುವ ಸಂಪರ್ಕದ ನಂಬರ್) ಹಾಕಿ ಎರಡು ಅರ್ಜಿ ಕೊಡಿ. ಬಿಲ್ ಬಾಡಿಗೆಯವರೇ ಕಟ್ಟುತ್ತಿದ್ದರೆ ರಿಯಾಯಿತಿ ಅವರಿಗೇ ಸೇರಲಿ, ಅಲ್ವಾ?

3ನೇ ಕ್ರಾಸ್, ಮನೆ 38 (11:40)
ನಮ್ಮ ಹೀಟರ್ ಕೆಟ್ಟು ಕೂತು ಒಂದು ವರ್ಷ ಆಯಿತು. ಬೋರ್ ನೀರಿನ ಉಪ್ಪು ಕಟ್ಟಿಕೊಂಡಿದೆ, ಎರಡು ಗಾಜಿನ ಟ್ಯೂಬೂ ಒಡೆದಿವೆ. ಸುಮ್ನೆ ಅರ್ಜಿ ಕೊಟ್ಟುಬಿಡಲಾ?

3ನೇ ಕ್ರಾಸ್, ಮನೆ 41 (12:05)
ಬೇಡ ಅಕ್ಕ, ಮೊದಲು ರಿಪೇರಿ ಮಾಡಿಸಿ. "ಹಾಕಿಸಿ ಬಳಸುತ್ತಿದ್ದರೆ" ಅಂತ ಇರುವುದರಿಂದ ತಪಾಸಣೆಗೆ ಬಂದವರು ನಲ್ಲಿ ತಿರುಗಿಸಿ ನೋಡುತ್ತಾರೆ. ಒಂದು ಮನೆಯಲ್ಲಿ ಸುಳ್ಳು ಸಿಕ್ಕಿಬಿದ್ದರೆ ಉಳಿದ ಅರ್ಜಿಗಳ ಮೇಲೂ ಅನುಮಾನ ಬರುತ್ತದೆ. ಟ್ಯೂಬ್ ಬಿಡಿಯಾಗಿಯೂ ಸಿಗುತ್ತವೆ, ಇಡೀ ಹೀಟರ್ ಬದಲಾಯಿಸಬೇಕು ಅಂತ ಯಾರಾದರೂ ಹೇಳಿದರೆ ತಕ್ಷಣ ಒಪ್ಪಬೇಡಿ. ಉಪ್ಪು ತೆಗೆಯಲು ಟ್ಯಾಂಕ್ ಖಾಲಿ ಮಾಡಿ ತೊಳೆಸಬೇಕು, ನಮ್ಮ ಬೋರ್ ನೀರಿಗೆ ವರ್ಷಕ್ಕೊಮ್ಮೆಯಾದರೂ ಬೇಕೇ ಬೇಕು. ಶನಿವಾರ ನಾನು ಬಂದು ನೋಡುತ್ತೇನೆ. ಒಂದು ಎಚ್ಚರಿಕೆ, ಬಿಸಿಲಿಗೆ ಕಾದ ಖಾಲಿ ಟ್ಯೂಬ್‌ಗೆ ತಣ್ಣೀರು ಬಿಡಬೇಡಿ, ಒಡೆಯುತ್ತದೆ. ತೊಳೆಸಿದ ಮೇಲೆ ನೀರು ತುಂಬುವುದೇನಿದ್ದರೂ ಬೆಳಗಿನ ಜಾವ ಇಲ್ಲವೇ ಸಂಜೆ ತಣ್ಣಗಾದ ಮೇಲೆ.

2ನೇ ಕ್ರಾಸ್, ಮನೆ 18 (ಸಂಜೆ 6:15)
ಸರಿ, ಭಾನುವಾರ ಬೆಳಿಗ್ಗೆ 10ಕ್ಕೆ ಪಾರ್ಕ್ ಪಕ್ಕದ ಮಂಟಪ. ಬರುವಾಗ ಇತ್ತೀಚಿನ ಕರೆಂಟ್ ಬಿಲ್ ಜೆರಾಕ್ಸ್, ಹೀಟರ್ ಕೊಂಡಾಗಿನ ರಸೀದಿ, ಟೆರೇಸ್ ಮೇಲಿನ ಹೀಟರ್ ಫೋಟೋ ತನ್ನಿ. ಫೋಟೋದಲ್ಲಿ ಟ್ಯಾಂಕ್ ಮೇಲಿನ ಲೀಟರ್ ಬರೆದಿರುವ ಸ್ಟಿಕ್ಕರ್ ಕಾಣಲಿ. ರಸೀದಿ ಕಳೆದುಹೋಗಿದ್ದರೆ ಅಂಗಡಿಯಲ್ಲಿ ನಕಲು ಕೇಳಿ, ಅದೂ ಸಿಗದಿದ್ದರೆ ಹಾಗಂತಲೇ ಅರ್ಜಿಯಲ್ಲಿ ಬರೆದು ಸ್ಥಳ ತಪಾಸಣೆ ಮಾಡಿ ಅಂತ ಕೇಳೋಣ.

ಅರ್ಜಿ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಹೆಸರಿಗೆ. ಮಾದರಿ ನಾನೇ ಬರೆದು ಪ್ರಿಂಟ್ ತರುತ್ತೇನೆ, ನೀವು ಆರ್‌ಆರ್ ನಂಬರ್ ತುಂಬಿ ಸಹಿ ಹಾಕಿದರೆ ಸಾಕು. ರಿಯಾಯಿತಿ ನಡುವೆ ನಿಂತುಹೋದವರು ಯಾವ ತಿಂಗಳಿಂದ ನಿಂತಿದೆ ಅಂತ ಬರೆದು, ಆ ಹಳೆ ಬಿಲ್‌ಗಳನ್ನೂ ಲಗತ್ತಿಸಿ, ಬಾಕಿಯನ್ನೂ ಕೇಳಿ. ಎಲ್ಲ ಅರ್ಜಿಗೂ ಎರಡು ಪ್ರತಿ ಬೇಕು. ಒಂದರ ಮೇಲೆ ಅರ್ಜಿ ತಲುಪಿದೆ ಅನ್ನುವ ಇನ್‌ವರ್ಡ್ ಸೀಲ್ ಹಾಕಿಸಿಕೊಂಡೇ ಬರುವುದು, ಅದನ್ನು ಬಿಟ್ಟು ಬಾಯಿಮಾತಿಗೆ ಒಪ್ಪುವುದು ಬೇಡ. ನಾನು ಹಿಂದೆ ಎರಡು ಸಲ ಬಾಯಿಮಾತಿನಲ್ಲಿ ಹೇಳಿ ಬಂದಿದ್ದೆ, ಕೊನೆಗೆ ತೋರಿಸಲು ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಆಗದಿದ್ದರೆ ಕರೆಂಟ್ ಸಹಾಯವಾಣಿ 1912ಕ್ಕೆ ದೂರು ಕೊಟ್ಟು ದೂರಿನ ನಂಬರ್ ಪಡೆಯೋಣ, ಆಮೇಲೆ ಗ್ರಾಹಕರ ಕುಂದುಕೊರತೆ ವೇದಿಕೆ ಇದ್ದೇ ಇದೆ.

1ನೇ ಕ್ರಾಸ್, ಮನೆ 6 (6:40)
ಬೆಳಿಗ್ಗೆ ನಾನು ಹಾಗೆ ಹೇಳಬಾರದಿತ್ತು ಸರ್. ಬಿಲ್ ತೆಗೆದು ನೋಡಿದೆ, ನಮಗೂ ಬರುತ್ತಿಲ್ಲ. ಸೋಮವಾರ ನನಗೆ ರಜೆ, ಅರ್ಜಿ ಕೊಡಲು ನನ್ನ ಕಾರಿನಲ್ಲೇ ಹೋಗೋಣ. ಇನ್ನು ಮೂರು ಜನಕ್ಕೆ ಜಾಗ ಇದೆ.

4ನೇ ಕ್ರಾಸ್, ಮನೆ 63 (7:02)
ನಮ್ಮ ಎದುರುಮನೆ ಅಜ್ಜಿಗೆ ಮೆಟ್ಟಿಲು ಹತ್ತಲು ಆಗುವುದಿಲ್ಲ, ಈ ಗುಂಪಿನಲ್ಲೂ ಇಲ್ಲ. ಅವರ ಹೀಟರ್ ಫೋಟೋ ನಾನು ತೆಗೆದು ತರುತ್ತೇನೆ, ಸಹಿಗೆ ಎರಡು ಫಾರಂ ಜಾಸ್ತಿ ಪ್ರಿಂಟ್ ಮಾಡಿಸಿ ಅಣ್ಣ.

ಸೋಮವಾರ: 2ನೇ ಕ್ರಾಸ್, ಮನೆ 18 (ಮಧ್ಯಾಹ್ನ 1:25)
37 ಅರ್ಜಿ ಕೊಟ್ಟೆವು, 37ಕ್ಕೂ ಸೀಲ್ ಆಗಿದೆ. ಗುರುವಾರ ಬೆಳಿಗ್ಗೆ 11ರಿಂದ ತಪಾಸಣೆಗೆ ಬರುತ್ತಾರೆ, 1ನೇ ಕ್ರಾಸ್‌ನಿಂದ ಶುರು. ಕೆಲಸಕ್ಕೆ ಹೋಗುವವರು ಟೆರೇಸ್ ಕೀಗೆ ಮನೆ ನಂಬರ್ ಚೀಟಿ ಕಟ್ಟಿ ಬುಧವಾರ ರಾತ್ರಿಯೇ ನಮ್ಮ ಮನೆಯಲ್ಲಿ ಕೊಟ್ಟಿರಿ.