ಸಹಾಯ ಬೇಕು: ‘ಫ್ರೀ’ ಆ್ಯಪ್‌ನಿಂದ ಬಂದ ರೋಮಿಂಗ್ ಬಿಲ್

ಎಲ್ಲರಿಗೂ ನಮಸ್ಕಾರ. ನಮ್ಮದು ಕುಮಟಾ. ಅಪ್ಪ ಮಸ್ಕತ್‌ನಲ್ಲಿರುವ ಅಕ್ಕನ ಮನೆಗೆ ಹೋಗಿದ್ದರು. ಅಲ್ಲಿ ಒಂದು ಕರೆಯನ್ನೂ ಮಾಡಿಲ್ಲ. ಆದರೂ ಪೋಸ್ಟ್‌ಪೇಯ್ಡ್ ಬಿಲ್ಲಿನಲ್ಲಿ ರೋಮಿಂಗ್ ಡೇಟಾ ಅಂತ ದೊಡ್ಡ ಮೊತ್ತ ಬಂದಿದೆ. ನೋಡಿದರೆ, ಊರಿನ ಗ್ರೂಪಿಗೆ ಬಂದ ಯಕ್ಷಗಾನದ ವಿಡಿಯೋಗಳೆಲ್ಲ ಮೆಸೇಜಿಂಗ್ ಆ್ಯಪ್‌ನಲ್ಲಿ ತಾವಾಗೇ ಡೌನ್‌ಲೋಡ್ ಆಗಿವೆ. ಮೆಸೇಜು ಫ್ರೀ, ಡೇಟಾ ಫ್ರೀ ಅಲ್ಲ! ಇದನ್ನು ಯಾರೂ ದೊಡ್ಡಕ್ಷರದಲ್ಲಿ ಹೇಳುವುದಿಲ್ಲ ಅಲ್ವಾ?

ಮೊಬೈಲ್ ಕಂಪನಿಯ ದೂರಿನ ನಂಬರ್ 198ಕ್ಕೆ ದೂರು ಕೊಟ್ಟು ಡಾಕೆಟ್ ನಂಬರ್ (ದೂರಿನ ನೋಂದಣಿ ಸಂಖ್ಯೆ) ಪಡೆದಿದ್ದೇವೆ. ‘ಬಳಕೆ ಆಗಿದೆ, ಕಟ್ಟಿ’ ಅಂದುಬಿಟ್ಟರು. ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಒಬ್ಬೊಬ್ಬರ ದೂರು ವಿಚಾರಿಸುವುದಿಲ್ಲ, ಹಾಗಾಗಿ ಇನ್ನು ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೇ ಬರೆಯಬೇಕು. ಯಾರಿಗಾದರೂ ಹೀಗೆ ಹಣ ವಾಪಸ್ ಬಂದಿದೆಯಾ? ಮೇಲ್ಮನವಿ ಜೊತೆ ಏನೇನು ಕೊಟ್ಟಿರಿ? ಗ್ರಾಹಕ ಸಹಾಯವಾಣಿ 1915ಕ್ಕೆ ಈಗಲೇ ಫೋನ್ ಮಾಡುವುದಾ, ಆಮೇಲಾ? ಕಾರವಾರದ ಗ್ರಾಹಕ ಆಯೋಗಕ್ಕೆ ಹೋದವರಿದ್ದರೆ ದಯವಿಟ್ಟು ತಿಳಿಸಿ.