ಚಿಪ್ಪಿಲ್ಲದ ಮೊಟ್ಟೆ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮದು ಹಾವೇರಿ ಹತ್ತಿರದ ಹಳ್ಳಿ. ಹಿತ್ತಲಿನಲ್ಲಿ ಜವಾರಿ ಹೇಂಟೆಗಳ ಜೊತೆ ಕೆಲವು ಸ್ವರ್ಣಧಾರಾ ಎಂಬ ಸುಧಾರಿತ ತಳಿಯ ಕೋಳಿಗಳಿವೆ. ಇತ್ತೀಚೆಗೆ ಸ್ವರ್ಣಧಾರಾ ಕೋಳಿಗಳು ಚಿಪ್ಪೇ ಇಲ್ಲದ ಮೊಟ್ಟೆ ಇಡುತ್ತಿವೆ. ಎತ್ತಿಕೊಂಡರೆ ನೀರು ತುಂಬಿದ ಬಲೂನಿನಂತೆ ಬೆರಳುಗಳ ನಡುವೆ ಜೋತು ಬೀಳುತ್ತದೆ. ಬುಟ್ಟಿಯಲ್ಲೇ ಒಡೆದರೆ ಉಳಿದವು ಮುತ್ತಿಕೊಂಡು ಕುಕ್ಕಿ ತಿನ್ನುತ್ತವೆ. ಒಂದು ಹೇಂಟೆಗಂತೂ ಗಟ್ಟಿ ಮೊಟ್ಟೆಯನ್ನೂ ಒಡೆಯುವ ಚಾಳಿ ಅಂಟಿದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಗೋವಿನಜೋಳದ ನುಚ್ಚು ಕಡಿಮೆ ಮಾಡಿ ಲೇಯರ್ ಮ್ಯಾಶ್ (ಮೊಟ್ಟೆ ಇಡುವ ಕೋಳಿಗಳ ಸಿದ್ಧ ಪುಡಿ ಆಹಾರ) ಹಾಕುತ್ತಿದ್ದೇವೆ. ಪಶುವೈದ್ಯರು ಹೇಳಿದ ಕ್ಯಾಲ್ಸಿಯಂ ಔಷಧ ಕೊಡುವಷ್ಟು ದಿನ ಚಿಪ್ಪು ಗಟ್ಟಿಯಾಗಿರುತ್ತದೆ, ನಿಲ್ಲಿಸಿದರೆ ಮತ್ತೆ ಅದೇ ಪಾಡು. ಬಟ್ಟಲಿನಲ್ಲಿ ಕಪ್ಪೆಚಿಪ್ಪಿನ ಪುಡಿ ಇಟ್ಟರೆ ಜವಾರಿ ಕೋಳಿಗಳು ಹೆಕ್ಕುತ್ತವೆ, ಬೇಕಾದವು ತಿರುಗಿಯೂ ನೋಡುವುದಿಲ್ಲ.

ಪುಡಿಯನ್ನು ಮ್ಯಾಶ್‌ಗೇ ಬೆರೆಸೋಣವೆಂದರೆ ಅದೇ ತಟ್ಟೆಗೆ ಮರಿಗಳೂ ಬಾಯಿ ಹಾಕುತ್ತವೆ. ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ, ಹೆಚ್ಚಾದರೆ ಮರಿಗಳ ಮೂತ್ರಪಿಂಡ ಕೆಡುತ್ತದೆ. ನಾನು ಸಿಕ್ಕಿಕೊಂಡಿರುವುದು ಇಲ್ಲಿಯೇ. ಮರಿಗಳಿಗೆ ಬೇರೆ ಗೂಡು ಕಟ್ಟಲು ಜಾಗವಿಲ್ಲ.

ಮೊಟ್ಟೆ ಇಡುವ ಕೋಳಿಗಳಿಗೆ ಮಾತ್ರ ಚಿಪ್ಪಿನ ಪುಡಿ ತಿನ್ನಿಸಲು ನೀವು ಯಾವ ಉಪಾಯ ಮಾಡಿದ್ದೀರಿ? ಬೆಳಿಗ್ಗೆ ಕೊಡಬೇಕೋ, ಸಂಜೆ ಗೂಡಿಗೆ ಸೇರಿಸುವಾಗಲೋ? ಮೊಟ್ಟೆ ಒಡೆಯುವ ಹೇಂಟೆಯ ಚಾಳಿ ಬಿಡಿಸಿದವರು ಇದ್ದರೆ ದಯವಿಟ್ಟು ಅದನ್ನೂ ತಿಳಿಸಿ.